ಗಟ್ಟಿಯಾಗದ ನೀಲಿ ಡಬ್ಬಿಗಳ ಜೊತೆ ಫಿನ್ಲೆಂಡಿಗೆ

ನಾಗಸಂದ್ರ

ಫಿನ್ಲೆಂಡಿಗೆ ಹೋಗಿಬಂದೆ ಅಂದ ತಕ್ಷಣ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಚಳಿ ಹೇಗಿತ್ತು ಅಂತ. ಚಳಿ ಚೆನ್ನಾಗೇ ಇತ್ತು. ಆದರೆ ಅಲ್ಲಿದ್ದಷ್ಟು ದಿನವೂ ನಾನು ಒಳಗೊಳಗೇ ಉರೀತಾ ಇದ್ದೆ, ಸ್ವೆಟರ್ ಅಷ್ಟಾಗಿ ಬೇಕಾಗಲಿಲ್ಲ. ಹೊಟ್ಟೆಕಿಚ್ಚು ಕಣ್ರೀ. ಅದನ್ನು ಬೇರೆ ಹೆಸರಿಟ್ಟು ಕರೆಯೋಕೆ ನನಗೆ ಬರಲ್ಲ.

ನಾನು ಕೆಲಸ ಮಾಡೋದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಲಸಿಕೆ, ಔಷಧಿ ಸಾಗಿಸುವ ಪೆಟ್ಟಿಗೆಗಳ ಒಳಗೆ ಇಡುವ ಚಪ್ಪಟೆ ಡಬ್ಬಿಗಳನ್ನು ಅಲ್ಲಿ ಮಾಡ್ತೀವಿ. ನೀಲಿ ಬಣ್ಣದವು, ಒಳಗೆ ಉಪ್ಪುಗಳ ದ್ರಾವಣ. ಅದು ಐದು ಡಿಗ್ರಿಗೆ ಹೆಪ್ಪುಗಟ್ಟುತ್ತೆ, ಮತ್ತೆ ಮೆಲ್ಲಗೆ ಕರಗುತ್ತೆ. ಕರಗ್ತಾ ಇರೋವರೆಗೂ ಪೆಟ್ಟಿಗೆಯ ಒಳಗೆ ಐದೇ ಡಿಗ್ರಿ ನಿಂತಿರುತ್ತೆ. ಬರೀ ಮಂಜುಗಡ್ಡೆ ಇಟ್ಟರೆ ಸೊನ್ನೆಗಿಳಿದು ಲಸಿಕೆ ಹಾಳು, ಏನೂ ಇಡದಿದ್ದರೆ ಬಿಸಿಯಾಗಿ ಹಾಳು. ಯಾವ ಉಪ್ಪು ಎಷ್ಟು ಅನ್ನೋ ಆ ಪಾಕ ನನ್ನದು. ವರ್ಷಗಟ್ಟಲೆ ಕಲಸಿ, ಚೆಲ್ಲಿ, ಬೈಸಿಕೊಂಡು ಮಾಡಿದ್ದು. ನನ್ನ ಲ್ಯಾಬ್ ಅಂದ್ರೆ ಶೆಡ್ಡಿನ ಮೂಲೇಲಿ ಪ್ಲೈವುಡ್ ಹೊಡೆದು ಮರೆ ಮಾಡಿದ ಜಾಗ. ಒಂದು ಮೇಜು, ಒಂದು ಸಿಂಕು, ಗೋಡೆಗೆ ತಾಗಿಸಿಟ್ಟ ಒಂದು ತಂಪು ಕಪಾಟು. ಮಳೆ ಬಂದ್ರೆ ಸಿಂಕಿನ ಪಕ್ಕ ಸೋರುತ್ತೆ. ಆದ್ರೂ ಒಳಗೆ ಬರೋರು ಬಾಗಿಲು ತಟ್ಟಿ ಬರ್ತಾರೆ, ಅದು ನನಗೆ ದೊಡ್ಡದು.

ಫಿನ್ಲೆಂಡಿನ ಒಂದು ಕಂಪನಿ ನಮ್ಮ ಡಬ್ಬಿಗಳನ್ನು ಮಾದರಿಗೆ ತರಿಸಿಕೊಂಡಿತ್ತು. ‘ನಿಮ್ಮ ಡಬ್ಬಿ ಹೆಪ್ಪುಗಟ್ಟುತ್ತಿಲ್ಲ’ ಅಂತ ಬರೆದರು. ಹೆಪ್ಪುಗಟ್ಟಲ್ಲ ಅಂದ್ರೇನು? ನಮ್ಮಲ್ಲಿ ಸಂಜೆ ಕಪಾಟಿಗೆ ಇಟ್ಟರೆ ಬೆಳಗ್ಗೆ ಕಲ್ಲು. ಒಂದು ದಿನ ತಪ್ಪಿದ್ದಿಲ್ಲ. ನಮ್ಮ ಮಾಲೀಕರು ಚನ್ನಬಸಪ್ಪನವರು, ಗದಗ ಕಡೆಯವರು, ನನ್ನನ್ನು ಕರೆದು ಹೇಳಿದರು:

‘ನೀವಾ ಹೋಗಿ ಬರ್ರಿ ಮೇಡಂ. ನಿಮ್ಮ ಪಾಕ ಪಾಸಾದ್ರ ಛಲೋ. ಇಲ್ಲಾಂದ್ರ ಅವರು ತಮ್ಮದಾ ಪಾಕ ಕೊಡ್ತಾರಂತ, ನಾವು ಬರೇ ತುಂಬಿ ಸೀಲ್ ಹೊಡಿಯೋದು. ಆಮ್ಯಾಲೆ ಆ ಲ್ಯಾಬ್ ಇಟ್ಕೊಂಡು ನಾ ಏನ್ ಮಾಡ್ಲಿ, ನೀವಾ ಹೇಳ್ರಿ.’

ಇಷ್ಟೇ ಆಗಿದ್ರೆ ನಗುನಗ್ತಾ ವಿಮಾನ ಹತ್ತುತ್ತಿದ್ದೆ. ಆದರೆ ಆ ಪತ್ರದ ಕೆಳಗೆ ಸಹಿ ಯಾರದ್ದು ಗೊತ್ತೇ? ಡಾಕ್ಟರ್ ಶೈಲಜಾ. ಅವರು ಕೊಡ್ತೀವಿ ಅಂತಿರೋ ಬದಲಿ ಪಾಕವೂ ಅವಳದೇ.

ನಮ್ಮ ಅಪ್ಪ, ಶೈಲೂ ಅಪ್ಪ, ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆ. ಒಂದೇ ಕ್ವಾರ್ಟರ್ಸ್ ಸಾಲು, ಒಂದೇ ಫ್ಯಾಕ್ಟರಿ ಬಸ್ಸು. ಎಂಎಸ್ಸಿಯಲ್ಲಿ ಒಂದೇ ಬೆಂಚು. ದ್ರವ ಹೇಗೆ ಘನವಾಗುತ್ತೆ ಅನ್ನೋದರ ಮೇಲೆ ಸಂಶೋಧನೆಗೆ ಇದ್ದದ್ದು ಒಂದೇ ಸೀಟು, ಅವಳಿಗೆ ಸಿಕ್ತು. ನಾನು ಅವಳಿಗಿಂತ ದಡ್ಡಿಯೇನಲ್ಲ. ಇವತ್ತಿಗೂ ಅಲ್ಲ.

ಹೆಲ್ಸಿಂಕಿ ವಿಮಾನ ನಿಲ್ದಾಣ

ಕಸ್ಟಮ್ಸ್‌ನಲ್ಲಿ ನನ್ನ ಸೂಟ್‌ಕೇಸ್ ಬಿಚ್ಚಿಸಿದರು. ಮೇಲೆ ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೆಳಗೆ ಸಾಲಾಗಿ ನೀಲಿ ಡಬ್ಬಿಗಳು. ಅಧಿಕಾರಿ ಹುಲ್ಲಿನ ಬಣ್ಣದ ಗಡ್ಡದವನು. ಡಬ್ಬಿ ಎತ್ತಿ ಅಲ್ಲಾಡಿಸಿದ, ಒಳಗೆ ಗುಳುಗುಳು ಅಂತು.

‘ಇದೇನು?’

‘ಉಪ್ಪುನೀರು. ತಣ್ಣಗಾದರೆ ಗಟ್ಟಿಯಾಗುತ್ತೆ.’

‘ಆಗುತ್ತಾ?’

‘ಆಗಬೇಕು,’ ಅಂದೆ.

ಆತ ನಕ್ಕು ಡಬ್ಬಿ ವಾಪಸ್ ಇಟ್ಟ. ಚಟ್ನಿಪುಡಿ ಮೂಸಿ ಸೀನಿದ, ಅದನ್ನೂ ವಾಪಸ್ ಇಟ್ಟ. ಮುಗೀತು. ಸೀಲಿಲ್ಲ, ಸಹಿ ಇಲ್ಲ, ‘ಸಾಹೇಬ್ರು ಊಟಕ್ಕೆ ಹೋಗಿದಾರೆ’ ಇಲ್ಲ. ಹೇಳಿದ್ದನ್ನು ನಂಬಿ ಕಳಿಸಿಬಿಡೋ ಊರು! ಅಲ್ಲೇ ಶುರುವಾಯ್ತು ನೋಡಿ ನನ್ನ ಉರಿ.

ಆಮೇಲೆ ಬಸ್ ಸ್ಟಾಪು. ಅಲ್ಲಿ ಜನ ಒಬ್ಬರಿಂದ ಒಬ್ಬರು ಒಂದು ಆಟೋ ನಿಲ್ಲಿಸುವಷ್ಟು ದೂರ ನಿಲ್ತಾರೆ. ನಾನು ನಮ್ಮ ಅಭ್ಯಾಸದಂತೆ ಮುಂದಿನವರ ಬೆನ್ನಿಗೇ ಹೋಗಿ ನಿಂತೆ. ಆತ ಒಂದು ಹೆಜ್ಜೆ ಸರಿದ. ಜಾಗ ಖಾಲಿಯಾಯ್ತು, ಹಿಂದಿನವರು ನುಗ್ಗಿಬಿಟ್ಟಾರು ಅಂತ ನಾನೂ ಸರಿದೆ. ಅವನು ಮತ್ತೆ ಸರಿದ. ಹೀಗೇ ಸರಿದು ಸರಿದು ಕೊನೆಗೆ ಆ ಪುಣ್ಯಾತ್ಮ ಸ್ಟಾಪಿನಿಂದಲೇ ಆಚೆ ಹೋಗಿ ಹನಿ ಮಳೇಲಿ ನಿಂತ. ಹಿಂದೆ ತಿರುಗಿ ನೋಡಿದರೆ ನುಗ್ಗೋಕೆ ಒಬ್ಬರೂ ಇರಲಿಲ್ಲ.

ಟಾಂಪೆರೆ, ಕೆರೆ ದಂಡೆ

ಟಾಂಪೆರೆ ಊರಲ್ಲಿ ನನಗೆ ಮಾರ್ಯಾ ಅನ್ನೋ ಹೆಂಗಸಿನ ಮನೇಲಿ ರೂಮು ಕೊಟ್ಟಿದ್ದರು. ಅರವತ್ತು ದಾಟಿದವಳು, ಮಾತು ಕಮ್ಮಿ. ನಾನು ಹೇಳಿದ್ದಕ್ಕೆಲ್ಲ ಉಸಿರು ಒಳಗೆಳಕೊಂಡು ‘ಯೂ’ ಅಂತಿದ್ದಳು. ಮೊದಲು ಏನೋ ನೋವಾಯ್ತೇನೋ ಅಂದ್ಕೊಂಡೆ. ಆಮೇಲೆ ತಿಳೀತು, ಅದು ಹೌದು ಅನ್ನೋದು.

ಮನೆ ಹಿಂದೆ ಕೆರೆ. ಅದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಯ್ತು ಅಂದ್ರೆ ನೀವು ನಗಬಾರದು. ನನ್ನ ತಂಗಿ ವರ್ತೂರಿನಲ್ಲಿದ್ದಾಳೆ. ‘ಲೇಕ್ ವ್ಯೂ’ ಅಂತ ಆಸೆಪಟ್ಟು ಮನೆ ತಗೊಂಡವಳು ಆ ಕಡೆ ಕಿಟಕಿಗೆ ಪ್ಲಾಸ್ಟಿಕ್ ಹೊಡೆಸಿದ್ದಾಳೆ, ಮಳೆಗಾಲದಲ್ಲಿ ಕೆರೆಯ ಕೊಳಚೆ ನೊರೆ ಹಾರಿ ಬಾಲ್ಕನಿಗೆ ಬೀಳುತ್ತೆ. ಇಲ್ಲಿ ಮಾರ್ಯಾ ಚೊಂಬಲ್ಲಿ ಕೆರೆ ನೀರು ತಂದು ಗಿಡಕ್ಕೆ ಹಾಕಿ, ಉಳಿದದ್ದನ್ನು ತಾನೇ ಕುಡಿದಳು.

‘ಇದು ಯಾವತ್ತು ಹೆಪ್ಪುಗಟ್ಟುತ್ತೆ?’ ಅಂತ ಕೇಳಿದೆ. ಹೊರಗೆ ಆಗಲೇ ಸೊನ್ನೆಗಿಂತ ಕೆಳಗಿತ್ತು.

‘ಆದಾಗ ಆಗುತ್ತೆ,’ ಅಂದಳು. ‘ನನ್ನ ಗಂಡ ಪ್ರತಿ ವರ್ಷ ಹೇಳ್ತಿದ್ದ, ಪ್ರತಿ ವರ್ಷ ತಪ್ಪಾಗ್ತಿತ್ತು.’

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಇಷ್ಟನ್ನು ಹೇಳಿ ಅವಳು ಒಳಗೆ ಹೋಗಿ ಕಾಫಿ ಮಾಡಿದಳು.

ಸದ್ದಿಲ್ಲದ ಕೋಣೆ

ಬೆಳಗ್ಗೆ ಶೈಲೂ ಬಾಗಿಲಲ್ಲೇ ನಿಂತಿದ್ದಳು. ಕೂದಲಿಗೆ ಬಣ್ಣ ಹಾಕಿರಲಿಲ್ಲ, ಅದೂ ಅವಳಿಗೆ ಒಪ್ಪಿತ್ತು. ತಬ್ಬಿಕೊಂಡು ‘ಪಮ್ಮಿ!’ ಅಂದಳು. ಪ್ರಮೀಳಾ ಅನ್ನೋ ನನ್ನನ್ನು ಪಮ್ಮಿ ಅಂತ ಕರೆಯೋರು ಈಗ ಲೋಕದಲ್ಲಿ ಇಬ್ಬರೋ ಮೂವರೋ. ನನಗಾದದ್ದು ಪ್ರೀತೀನೋ ಸಂಕಟಾನೋ ಗೊತ್ತಾಗಲಿಲ್ಲ. ಹಿಂದೆಯೇ ಅವಳ ಮೇಲಧಿಕಾರಿ ಬಂದ, ಯೂಹಾ ಅಂತ ಹೆಸರು. ಅಲ್ಲಿಂದ ನಮ್ಮ ಮಾತು ಇಂಗ್ಲಿಷಿಗೆ ತಿರುಗಿತು.

ಪರೀಕ್ಷೆ ಕೋಣೆ ಹೇಗಿತ್ತು ಅಂದ್ರೆ, ನನ್ನ ಕಿವಿಯೊಳಗಿನ ಸದ್ದು ನನಗೇ ಕೇಳ್ತಿತ್ತು. ದಪ್ಪ ಗೋಡೆ, ರಬ್ಬರ್ ಕಾಲಿನ ಮೇಜು, ಶೂ ಬಿಚ್ಚಿ ಉಣ್ಣೆ ಸ್ಲಿಪ್ಪರ್ ಹಾಕ್ಕೊಂಡು ಓಡಾಡೋ ವಿಜ್ಞಾನಿಗಳು. ನಾನು ತಂದ ಹೊಸ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು, ಐದಕ್ಕಿಂತ ಮೂರು ಡಿಗ್ರಿ ಕೆಳಗೆ ಇಳಿಸಿ ಬಾಗಿಲು ಹಾಕಿದರು. ಮಾರನೇ ದಿನ ತೆಗೆದು ನೋಡಿದರೆ ಗುಳುಗುಳು. ಪಕ್ಕದಲ್ಲಿ ಶೈಲೂ ಪಾಕದ ಡಬ್ಬಿಗಳು, ಒಂದೊಂದೂ ಬೆಳ್ಳಗೆ, ಸುಣ್ಣದ ಇಟ್ಟಿಗೆ ಹಾಗೆ.

ಯೂಹಾ ಎಲ್ಲರನ್ನೂ ಕೂರಿಸಿ, ಯಾಕೆ ಹೀಗೆ ಅಂತ ಕೇಳಿದ. ಶೈಲೂ ಎದ್ದು ಬೋರ್ಡಿನ ಹತ್ತಿರ ಹೋದಳು. ಏನು ಹೇಳಿದಳು ಅನ್ನೋದನ್ನ ನನ್ನ ಮಾತಲ್ಲೇ ಹೇಳ್ತೀನಿ, ಆ ವಿಷಯ ನನಗೂ ಗೊತ್ತಿರೋದೇ. ಥರ್ಮೋಡೈನಾಮಿಕ್ಸ್, ಅಂದ್ರೆ ಶಾಖದ ಶಾಸ್ತ್ರ, ಹೇಳೋದು ಶುರು ಮತ್ತು ಕೊನೆ ಅನ್ನೋ ಎರಡು ತುದಿಗಳ ವಿಚಾರ. ಐದು ಡಿಗ್ರಿಗಿಂತ ಕೆಳಗೆ ದ್ರವವಾಗಿರೋದಕ್ಕಿಂತ ಘನವಾಗಿರೋದು ವಾಸಿ ಅಂತ ಅದು ತೀರ್ಪು ಕೊಡುತ್ತೆ. ಯಾವಾಗ ಆಗುತ್ತೆ ಅಂತ ಕೇಳಿದರೆ ಬಾಯಿ ಬಿಡಲ್ಲ. ಈ ಗಳಿಗೆಯಲ್ಲೂ ಆಗಬಹುದು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗಬಹುದು. ಹಾಲು ಎಷ್ಟು ಬೆಚ್ಚಗಿದ್ದರೇನು, ಹೆಪ್ಪು ಬೀಳದೆ ಮೊಸರಾಗುತ್ತಾ? ಹಾಗೆ, ದ್ರವದೊಳಗೆ ಎಲ್ಲೋ ಒಂದು ಕಡೆ ಮೊದಲ ಹರಳು ಹುಟ್ಟಬೇಕು. ಆ ಹುಟ್ಟಿಗೂ ಒಂದು ಸಿದ್ಧಾಂತ ಇದೆ. ಆದರೆ ಅದು ಹತ್ತಿಪ್ಪತ್ತು ಅಣುಗಳ ಪುಟ್ಟ ಗುಂಪನ್ನೂ ಕೈಯಲ್ಲಿ ಹಿಡಿಯೋ ಹರಳಿನ ನಿಯಮದಲ್ಲೇ ಅಳೆಯುತ್ತೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಜನ ಹೇಗೆ ನಡ್ಕೋತಾರೆ ಅಂತ ನೋಡಿ, ಟೀ ಅಂಗಡಿ ಮುಂದೆ ನಿಂತ ನಾಲ್ಕು ಜನರ ಬಗ್ಗೆ ಭವಿಷ್ಯ ಹೇಳಿದ ಹಾಗೆ. ಅದರ ಲೆಕ್ಕವನ್ನು ಪ್ರಯೋಗಕ್ಕೆ ಹೋಲಿಸಿದರೆ ಹತ್ತು ಪಟ್ಟು ನೂರು ಪಟ್ಟಲ್ಲ, ಸೊನ್ನೆಗಳ ಸಾಲಿನಷ್ಟು ತಪ್ಪಿಹೋಗುತ್ತೆ.

‘ಅದಕ್ಕೇ ನನ್ನ ಪಾಕದಲ್ಲಿ ಒಂದು ಪುಡಿ ಸೇರಿಸಿದ್ದೀನಿ, ಹೆಪ್ಪು ಹಾಕಿದ ಹಾಗೆ,’ ಅಂದಳು ಶೈಲೂ.

‘ಸರಿ. ಪ್ರಮೀಳಾ ಅವರ ಡಬ್ಬಿ ಬೆಂಗಳೂರಲ್ಲಿ ಪುಡಿ ಇಲ್ಲದೇ ಗಟ್ಟಿಯಾಗುತ್ತಲ್ಲ, ಇಲ್ಲಿ ಯಾಕಿಲ್ಲ?’ ಯೂಹಾ ಕೇಳಿದ.

ಶೈಲೂ ಮಾರ್ಕರ್ ಮುಚ್ಚಳ ಹಾಕಿದಳು. ‘ಗೊತ್ತಿಲ್ಲ,’ ಅಂದಳು. ‘ಸಿದ್ಧಾಂತ ಇಲ್ಲಿಗೆ ನಿಲ್ಲುತ್ತೆ.’

ಎಲ್ಲರೂ ತಲೆ ಆಡಿಸಿದರು! ಒಬ್ಬ ‘ಇಂಟರೆಸ್ಟಿಂಗ್’ ಅಂದ. ಯೂಹಾ ಎದ್ದು ಅವಳ ಲೋಟಕ್ಕೆ ತಾನೇ ಕಾಫಿ ಬಗ್ಗಿಸಿದ.

ಅಯ್ಯೋ, ನನಗಾದ ಸಂಕಟ ಏನು ಹೇಳಲಿ. ಅವಳ ಪದವಿ, ಅವಳ ಕೋಣೆ, ಅವಳ ಊರಿನ ಕೆರೆ, ಎಲ್ಲಾ ಇರಲಿ ಅತ್ಲಾಗೆ. ಗೊತ್ತಿಲ್ಲ ಅಂದಿದ್ದಕ್ಕೆ ಕಾಫಿ! ಒಂದ್ಸಲ ನಾನು ಚನ್ನಬಸಪ್ಪನವರ ಮುಂದೆ ಆ ಮಾತು ಅಂದಿದ್ದೆ. ‘ಗೊತ್ತಿಲ್ಲ ಅನ್ನಾಕ ನಿಮಗ ಪಗಾರ ಕೊಡ್ತೀನೇನ್ರಿ?’ ಅಂದಿದ್ದರು. ಅವತ್ತಿಂದ ನನಗೆ ಎಲ್ಲಾ ಗೊತ್ತು. ಪಂಪು ಯಾಕೆ ನಿಂತಿತು ಗೊತ್ತು, ಲಾರಿ ಯಾಕೆ ಬರಲಿಲ್ಲ ಗೊತ್ತು, ಉಪ್ಪು ಯಾಕೆ ತಳ ಹಿಡೀತು ಗೊತ್ತು. ಗೊತ್ತಿಲ್ಲ ಅನ್ನೋ ಮಾತಿಗೆ ಅವಳಿಗೆ ಲೈಸೆನ್ಸ್ ಇತ್ತು, ನನಗಿರಲಿಲ್ಲ.

ಮಾರ್ಯಾಳ ಬಿಸಿಮನೆ

ಸಂಜೆ ನನ್ನ ಮುಖ ನೋಡಿ ಮಾರ್ಯಾ ಏನೂ ಕೇಳದೆ ಸೌನಾ ಕಾಯಿಸಿದಳು. ಹಲಗೆ ಹೊಡೆದ ಪುಟ್ಟ ಕೋಣೆ, ಮೂಲೇಲಿ ಕಾದ ಕಲ್ಲುಗಳು. ಅವಳು ಹುಟ್ಟಿದ ಹಾಗೇ ಬಂದು ಕೂತಳು. ನಾನು ಹೂವಿನ ನೈಟಿ ಹಾಕ್ಕೊಂಡು, ಮೇಲೆ ಟವೆಲ್ ಹೊದ್ದು, ಕಣ್ಣು ಛಾವಣಿಯಲ್ಲಿಟ್ಟು ಕೂತೆ. ಅವಳು ಸೌಟಲ್ಲಿ ಕಲ್ಲಿನ ಮೇಲೆ ನೀರು ಹಾಕಿದಳು. ಚುಸ್ ಅಂತ ಒಂದೇ ಕ್ಷಣಕ್ಕೆ ಹಬೆ.

‘ನೋಡು, ಇದಕ್ಕೆ ಹೇಳಿದ ಮಾತು ಕೇಳೋಕೆ ಬರುತ್ತೆ,’ ಅಂತ ಕನ್ನಡದಲ್ಲೇ ಗೊಣಗಿದೆ.

‘ಯೂ,’ ಅಂತ ಉಸಿರೆಳೆದಳು. ನೈಟಿ ಒದ್ದೆಯಾಗಿ ಮೈಗಂಟಿ ನಾನು ಬೇಯ್ತಾ ಇದ್ದೆ. ಅವಳು ಕೆರೆಗೆ ಹೋಗಿ ಮುಳುಗಿ ಬಂದಳು. ನನ್ನನ್ನೂ ಕರೆದಳು, ಕೈ ಮುಗಿದೆ.

ಮತ್ತೆ ಅದೇ ಕೋಣೆ

ಮಾರನೇ ದಿನ ಯೂಹಾ ಇನ್ನೊಂದು ಅವಕಾಶ ಕೊಟ್ಟ. ಕಪಾಟಲ್ಲಿದ್ದ ಡಬ್ಬಿಗಳು ಇನ್ನೂ ನೀರಾಗೇ ಇದ್ದವು. ಬೇಕಾದರೆ ಮತ್ತೆ ಜೋಡಿಸಿಡಿ, ನಾಳೆ ಕೊನೆಯ ಬಾರಿ ನೋಡ್ತೀವಿ ಅಂದ. ಶೈಲೂ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ‘ಬೇಜಾರ್ ಮಾಡ್ಕೋಬೇಡ ಕಣೇ, ಎಲ್ಲರಿಗೂ ಆಗುತ್ತೆ’ ಅಂದು ಯೂಹಾನ ಹಿಂದೆ ಹೊರಗೆ ಹೋದಳು. ಕೋಣೇಲಿ ಉಳಿದವಳು ನಾನೊಬ್ಬಳೇ.

ಎಲ್ಲರಿಗೂ ಆಗುತ್ತಂತೆ! ಅವಳಿಗೆ ಏನಾಗಿತ್ತು? ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲೆ ರಪ್ಪನೆ ಕುಕ್ಕಿದೆ.

ಅದರ ಒಂದು ಮೂಲೆಯಿಂದ ಬಿಳುಪು ಎದ್ದಿತು. ನಾನು ನೋಡ್ತಾ ನೋಡ್ತಾ ಇದ್ದ ಹಾಗೇ ನೀಲಿ ಪ್ಲಾಸ್ಟಿಕ್ಕಿನ ಒಳಗೆಲ್ಲಾ ಹರಡಿಕೊಂಡು ಹೋಯ್ತು. ಡಬ್ಬಿಗೆ ಸಿಕ್ಕಿಸಿದ್ದ ಥರ್ಮಾಮೀಟರ್ ಎರಡರಿಂದ ಮೇಲೇರಿ ಸೀದಾ ಐದಕ್ಕೆ ಹೋಗಿ ನಿಂತಿತು. ಹೆಪ್ಪುಗಟ್ಟುವಾಗ ಅಡಗಿದ್ದ ಶಾಖ ಹೊರಗೆ ಬರುತ್ತಲ್ಲ, ಅದು. ಇನ್ನೊಂದು ತಗೊಂಡು ಕುಕ್ಕಿದೆ. ಅದೂ ಬೆಳ್ಳಗಾಯ್ತು.

ಮೊದಲು ಕುಣಿದಾಡುವ ಹಾಗಾಯ್ತು. ಮರುಕ್ಷಣವೇ ಸ್ಟೂಲ್ ಎಳಕೊಂಡು ಕೂತೆ. ಪೀಣ್ಯದಲ್ಲಿ ನಮ್ಮ ಪಕ್ಕದ ಶೆಡ್ಡಿನದು ಪವರ್ ಪ್ರೆಸ್. ಹಗಲೂ ರಾತ್ರಿ ತಗಡು ಒತ್ತುತ್ತೆ, ಧಡ್, ಧಡ್, ಧಡ್. ಹೊಸಬರು ಬಂದರೆ ಕಿವಿ ಮುಚ್ಕೋತಾರೆ. ನಮಗೆ ಅದು ಕೇಳಿಸೋದು ನಿಂತು ಯಾವ ಕಾಲವಾಯ್ತೋ. ಆ ಪ್ರೆಸ್ಸಿಗೂ ನಮಗೂ ನಡುವೆ ಇರೋದು ಒಂದೇ ಗೋಡೆ, ನನ್ನ ತಂಪು ಕಪಾಟು ತಾಗಿ ನಿಂತಿರೋದು ಅದಕ್ಕೇ. ಇಷ್ಟು ವರ್ಷ ನನ್ನ ಡಬ್ಬಿಗಳನ್ನು ಗಟ್ಟಿ ಮಾಡ್ತಿದ್ದದ್ದು ನನ್ನ ಪಾಕ ಅಲ್ಲ, ಪಕ್ಕದವರ ಪ್ರೆಸ್ಸು. ನಾನು ಎದೆಯುಬ್ಬಿಸಿಕೊಂಡು ಓಡಾಡಿದ್ದೆ.

ಯಾರೂ ನೋಡಿರಲಿಲ್ಲ. ಎದ್ದು, ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಮೇಜಿಗೆ ಕುಕ್ಕಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ.

ಕೊನೆಯ ದಿನದ ಮೀಟಿಂಗು

ಬೆಳಗ್ಗೆ ಬಾಗಿಲು ತೆಗೆದರೆ ಎಲ್ಲವೂ ಬೆಳ್ಳಗೆ. ಯೂಹಾ ನನ್ನ ಕೈ ಕುಲುಕಿದ. ಶೈಲೂ ಡಬ್ಬಿಯೊಂದನ್ನು ತಿರುಗಿಸಿ ತಿರುಗಿಸಿ ನೋಡ್ತಾ ಇದ್ದಳು. ಅವಳ ಮುಖ ಸಣ್ಣಗಾಗಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿ ಖುಷಿಯಾಯ್ತು. ಎಷ್ಟೋ ವರ್ಷಕ್ಕೆ ಸಿಕ್ಕ ಖುಷಿ.

‘ಹಾಗಾದರೆ ಇವರ ಡಬ್ಬಿಯೇ ಇರಲಿ, ಪುಡಿ ಹಾಕೋ ತಾಪತ್ರಯ ಇಲ್ಲ,’ ಅಂದ ಯೂಹಾ. ಚನ್ನಬಸಪ್ಪನವರು ಬೆಂಗಳೂರಿಂದ ಸ್ಕ್ರೀನ್ ಮೇಲೆ ಬಂದು ಕೂತಿದ್ದರು, ಹಲ್ಲೆಲ್ಲ ಕಾಣೋ ಹಾಗೆ ನಗ್ತಿದ್ದರು. ಯೂಹಾ ನನ್ನ ಕಡೆ ತಿರುಗಿದ. ‘ಒಂದೇ ಪ್ರಶ್ನೆ. ನಿನ್ನೆಗೂ ಇವತ್ತಿಗೂ ಏನು ಬದಲಾಯ್ತು?’

ಉತ್ತರ ಸಿದ್ಧವಾಗಿತ್ತು. ಪ್ರಯಾಣದಲ್ಲಿ ಕಲಕಿದ್ದು ತಳ ಸೇರಬೇಕಿತ್ತು, ಈಗ ಸೇರಿದೆ, ಅಂತ. ಚನ್ನಬಸಪ್ಪನವರ ಮುಂದೆ ಇಂಥದ್ದು ಎಷ್ಟು ಹೇಳಿಲ್ಲ ನಾನು. ಬಾಯಿ ತೆಗೆದೆ.

‘ಇವು ತಾವಾಗಿ ಹೆಪ್ಪುಗಟ್ಟಲ್ಲ,’ ಅಂದೆ. ‘ಕುಕ್ಕಿದರೆ ಗಟ್ಟಿಯಾಗುತ್ತೆ. ನಮ್ಮಲ್ಲಿ ಪಕ್ಕದ ಶೆಡ್ಡಿನ ಪ್ರೆಸ್ಸು ಕುಕ್ಕುತ್ತೆ. ಇಲ್ಲಿ ನಿನ್ನೆ ನಾನು ಕುಕ್ಕಿದೆ.’

ಸ್ಕ್ರೀನಿನ ಮೇಲೆ ನಗು ಹಾಗೇ ನಿಂತುಹೋಯ್ತು. ಯೂಹಾ ಪೆನ್ನು ತೆಗೆದು ಬರಕೊಂಡ.

‘ಕುಕ್ಕಿದರೆ ಯಾಕೆ ಗಟ್ಟಿಯಾಗುತ್ತೆ?’

‘ಗೊತ್ತಿಲ್ಲ,’ ಅಂದೆ. ‘ಊಹೆ ಹೇಳಬಹುದು. ಯಾವ ಏಟಿಗೆ ಆಗುತ್ತೆ, ಯಾವುದಕ್ಕೆ ಆಗಲ್ಲ ಅಂತ ಲೆಕ್ಕ ಹಾಕಿ ಹೇಳೋಕೆ ನನಗೂ ಬರಲ್ಲ, ನಾವಿಬ್ಬರೂ ಓದಿದ ಪುಸ್ತಕಕ್ಕೂ ಬರಲ್ಲ.’

ಅವರೆಲ್ಲ ತಲೆ ಆಡಿಸಿದರು. ಅದೇ ಥರ, ನಿಧಾನಕ್ಕೆ. ಅವತ್ತು ‘ಇಂಟರೆಸ್ಟಿಂಗ್’ ಅಂದವನು ಇವತ್ತೂ ಅಂದ. ಯೂಹಾ ಎದ್ದು ಬಂದು ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದ. ಬಗ್ಗಿಸ್ತಾನೇ ಹೇಳಿದ, ಯಾವುದೋ ಹಳ್ಳಿಯ ಆಸ್ಪತ್ರೇಲಿ ಡಬ್ಬಿ ಕುಕ್ಕೋಕೆ ಯಾರೂ ನೆನಪಿಟ್ಟುಕೊಳ್ಳಲ್ಲ, ಒಂದು ನೀರಾಗಿ ಉಳಿದರೂ ಲಸಿಕೆ ಹಾಳು, ಆದ್ದರಿಂದ ಶೈಲಜಾ ಅವರ ಪಾಕವೇ ಇರಲಿ ಅಂತ. ಸರಿಯಾದ ಮಾತೇ. ಆದರೆ ನಾನು ಬಾಯಿ ಬಿಟ್ಟಾಗ ಲಸಿಕೆ, ಮಕ್ಕಳು ಯಾವುದೂ ನನ್ನ ತಲೇಲಿ ಇರಲಿಲ್ಲ. ದೊಡ್ಡತನ ಅಂತ ತಿಳ್ಕೋಬೇಡಿ.

ಬಸ್ ಸ್ಟಾಪು

ಚನ್ನಬಸಪ್ಪನವರ ಫೋನು ಬಂದಾಗ ನಾನು ಬಸ್ಸಿಗೆ ಕಾಯ್ತಿದ್ದೆ.

‘ತಲಿ ಕೆಟ್ಟೈತೇನ್ರಿ ಮೇಡಂ ನಿಮ್ದು? ಪಾಸ್ ಆಗಿದ್ದನ್ನ ನೀವಾ ಫೇಲ್ ಮಾಡಿ ಬಂದ್ರಲ್ರೀ! ಸೋಮವಾರದಿಂದ ಪ್ಯಾಕಿಂಗ್ ಕಡೆ ನಿಲ್ರಿ. ಆ ಪ್ಲೈವುಡ್ ತೆಗಸ್ತೀನಿ.’

ಫೋನ್ ಇಟ್ಟೆ. ಶೈಲೂ ಕೋಟು ಕೂಡ ಹಾಕದೆ ಓಡಿಬಂದಿದ್ದಳು, ಫೋನಿನ ಕೂಗು ಅವಳಿಗೂ ಕೇಳಿಸಿತ್ತು. ಊರವರ ಹಾಗೆ ದೂರ ನಿಲ್ಲದೆ ಪಕ್ಕದಲ್ಲೇ ಬಂದು ನಿಂತಳು. ಮಾತು ಕನ್ನಡಕ್ಕೆ ತಿರುಗಿತು.

‘ಲ್ಯಾಬ್ ಹೋಯ್ತಾ?’

‘ಹೋಯ್ತು.’

‘ಬಾಯ್ಮುಚ್ಕೊಂಡಿದ್ದಿದ್ರೆ ನಿಂದೇ ಪಾಸಾಗ್ತಿತ್ತಲ್ಲೇ ಪಮ್ಮಿ. ನನಗೂ ಗೊತ್ತಾಗ್ತಿರಲಿಲ್ಲ. ಯಾಕೆ ಹೇಳ್ದೆ?’

‘ಅವತ್ತು ನೀನು ಗೊತ್ತಿಲ್ಲ ಅಂದೆಯಲ್ಲ, ಎಲ್ಲರೂ ಹೇಗೆ ತಲೆ ಆಡಿಸಿದ್ರು. ಹೊಟ್ಟೆ ಉರಿದುಹೋಯ್ತು ಕಣೇ. ನಾನೂ ಒಂದ್ಸಲ ಹಾಗೆ ಅನ್ಬೇಕು ಅನ್ನಿಸ್ತು. ಬರೀ ಒಂದ್ಸಲ.’

ಅವಳು ನಗಲಿಲ್ಲ. ಚಳಿಗೆ ಕೈಗಳನ್ನು ಕಂಕುಳಲ್ಲಿ ಇಟ್ಕೊಂಡು ನನ್ನನ್ನೇ ನೋಡಿದಳು.

‘ಹೇಗಿತ್ತು?’ ಅಂತ ಕೇಳಿದಳು.

‘ಸಕ್ಕತ್ತಾಗಿತ್ತು,’ ಅಂದೆ. ಅಂದಿದ್ದೇ ತಡ ಅಳು ಬಂದ್ಬಿಡ್ತು, ಆ ಸದ್ದಿಲ್ಲದ ಊರಲ್ಲಿ, ಗಟ್ಟಿಯಾಗಿ. ‘ನಿನಗೆ ಅದು ದಿನಾ ಸಿಗುತ್ತೆ. ನನಗೆ ಒಂದೇ ಒಂದು ಸಲಕ್ಕೆ ಲ್ಯಾಬ್ ಹೋಯ್ತು.’